ಧಾರವಾಡ ಹತ್ತಿರ, ಮೈಸೂರು ದೂರ

"ಪಾಸ್ ತೋರಿಸ್ರಿ."

ಸಮತಾ ಕಿಟಕಿಯಿಂದ ಮುಖ ತಿರುಗಿಸಿ ನೋಡಿದಳು. ಹಡಗಲಿಯಿಂದ ಹೊರಟು ಹಗರಿಬೊಮ್ಮನಹಳ್ಳಿ, ಕೊಟ್ಟೂರು ಮುಟ್ಟಿ ಕೂಡ್ಲಿಗಿಗೆ ಹೋಗುವ ಬೆಳಗಿನ ಬಸ್ಸು ಅದು. ಮೂರು ವರ್ಷದಿಂದ ಅವಳು ಬೊಮ್ಮನಹಳ್ಳಿಯಲ್ಲಿ ಹತ್ತಿ ಕೊಟ್ಟೂರಿನ ಕಾಲೇಜಿಗೆ ಇಳಿಯುತ್ತಿದ್ದಳು. ಕಂಡಕ್ಟರ್ ಹೊನ್ನೂರಸ್ವಾಮಿ ಒಂದು ದಿನವೂ ಅವಳ ಪಾಸು ಕೇಳಿರಲಿಲ್ಲ. ಮುಂದಿನ ಸೀಟಿನವರದು, ಹಿಂದಿನ ಸೀಟಿನವರದು ಎಲ್ಲ ನೋಡುತ್ತಿದ್ದ. ಅವಳ ಹತ್ತಿರ ಬಂದಾಗ ಮಾತ್ರ ಟಿಕೆಟ್ಟಿನ ಕಟ್ಟು ಸರಿಮಾಡಿಕೊಳ್ಳುವವನ ಹಾಗೆ ತಲೆ ತಗ್ಗಿಸಿ ದಾಟಿಬಿಡುತ್ತಿದ್ದ.

ಆ ತಗ್ಗಿದ ತಲೆ ಅವಳಿಗೆ ಇಷ್ಟವಾಗಿತ್ತು. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ನೆತ್ತಿಯ ಮೇಲೆ ಒಂದು ಕುಚ್ಚು ಕೂದಲು ಎದ್ದು ನಿಂತಿರುತ್ತಿತ್ತು. ಅದನ್ನು ನೋಡಿ ಅವಳು ಕಿಟಕಿಯ ಕಡೆ ತಿರುಗಿ ನಗುತ್ತಿದ್ದಳು. ಅವನಿಗದು ಗೊತ್ತಿಲ್ಲ ಅಂದುಕೊಂಡಿದ್ದಳು.

ಇವತ್ತು ಪಾಸು ಕೇಳಿದ್ದಕ್ಕೆ ಅವಳಿಗೆ ಸಿಟ್ಟು ಬಂತು.

"ಮೂರು ವರ್ಷ ಇಲ್ಲದ್ದು ಇವತ್ತೇನ್ರಿ?"

"ನೋಡಬೇಕು. ರೂಲ್ಸ್ ಐತಿ."

ಕೊಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು, ಒಂದು ಪುಸ್ತಕವನ್ನೇ ಓದುವಷ್ಟು ಹೊತ್ತು ಓದಿದ.

"ಈ ತಿಂಗಳ ಕೊನಿಗೆ ಮುಗೀತೈತಿ."

"ಹೂಂ. ನಾಳೆ ಕೊನೀ ಪ್ರಾಕ್ಟಿಕಲ್. ಅಲ್ಲಿಗೆ ಬಿಎಸ್ಸಿ ಮುಗೀತು."

"ಆಮ್ಯಾಲೆ?"

"ಆಮ್ಯಾಲೆ ಏನು?"

"ಆಮ್ಯಾಲೆ ಈ ಬಸ್ಸಿಗೆ ಬರಂಗಿಲ್ಲೇನ್ರಿ?"

ಅಷ್ಟು ಹೊತ್ತಿಗೆ ಯಾರೋ ಹಿಂದಿನಿಂದ, "ಕಂಡಕ್ಟ್ರೇ, ಚಿಲ್ಲರೆ ಕೊಡಾಕ ಮರ್ತೀರಿ" ಅಂದರು. ಅವನು ಪಾಸನ್ನು ಅವಳ ಅಂಗೈಯಲ್ಲಿಟ್ಟು ಹಿಂದಕ್ಕೆ ಹೋದ. ಕೊಟ್ಟೂರು ಬರುವವರೆಗೂ ಸಮತಾ ಪಾಸನ್ನು ಬ್ಯಾಗಿಗೆ ಹಾಕಲಿಲ್ಲ. ಅವನು ನೋಡಿದ್ದು ಪಾಸನ್ನಲ್ಲ ಅನ್ನುವುದು ಅವಳಿಗೆ ತಡವಾಗಿ ತಿಳಿಯಿತು. ತಿಳಿದ ಮೇಲೆ ಇಳಿಯುವಾಗ ಅವನ ಮುಖ ನೋಡುವುದು ಕಷ್ಟವಾಯಿತು.

ಅದು ತೊಂಬತ್ತೊಂಬತ್ತರ ಮೇ ತಿಂಗಳು.

ಸಮತಾಳ ಅಪ್ಪ ಗಂಗಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಅವ್ವ ಕನಕಮ್ಮ ಅಂಗನವಾಡಿ ಟೀಚರು. ಮನೆಯ ಮುಂದಿನ ಕೋಣೆಯ ಗೋಡೆಗೆ ಬುದ್ಧ, ಬಾಬಾಸಾಹೇಬರ ಫೋಟೋ. ಅದರ ಕೆಳಗೆ ಸಮತಾಳ ಪುಸ್ತಕದ ಕಪಾಟು. ಮಗಳು ಇನ್ನೂ ಓದಬೇಕು ಅನ್ನುವುದರಲ್ಲಿ ಆ ಮನೆಯಲ್ಲಿ ಎರಡು ಮಾತಿರಲಿಲ್ಲ. ಮಾತಿದ್ದದ್ದು ಎಲ್ಲಿ ಅನ್ನುವುದರ ಬಗ್ಗೆ.

ಅವಳು ಸಸ್ಯಶಾಸ್ತ್ರದ ಎಮ್ಮೆಸ್ಸಿಗೆ ಎರಡು ಕಡೆ ಅರ್ಜಿ ಹಾಕಿದ್ದಳು, ಧಾರವಾಡಕ್ಕೆ ಮತ್ತು ಮೈಸೂರಿಗೆ. ಬಳ್ಳಾರಿ ಜಿಲ್ಲೆಯ ಕಾಲೇಜುಗಳೆಲ್ಲ ಗುಲ್ಬರ್ಗ ವಿಶ್ವವಿದ್ಯಾಲಯಕ್ಕೆ ಸೇರಿದವು. ಆದರೆ ಗುಲ್ಬರ್ಗ ಅಂದ ಕೂಡಲೇ ಕನಕಮ್ಮ, "ಬಿಸಲಿಗೆ ಅಲ್ಲೀತನ ಹೋಗಬೇಕೇನು? ಇಲ್ಲಿದ್ದಿದ್ದು ಸಾಲಂಗಿಲ್ಲೇನು?" ಅಂದು ಆ ಮಾತನ್ನು ಅಲ್ಲಿಗೇ ಮುಗಿಸಿದ್ದಳು. ಹೊರಗಿನವರಿಗೆ ಎರಡೂ ಕಡೆ ಇರುವುದೇ ಒಂದೆರಡು ಸೀಟು. ಜುಲೈಯಲ್ಲಿ ಎರಡೂ ಕಡೆಯಿಂದ ಸಂದರ್ಶನಕ್ಕೆ ಬನ್ನಿ ಅಂತ ಕರೆ ಬಂದಾಗ ಗಂಗಪ್ಪ ಇಡೀ ಓಣಿಗೆ ಬಾಳೆಹಣ್ಣು ಹಂಚಿದ. ಸುದ್ದಿ ಬಸ್ಸು ಹತ್ತಿ ಹಡಗಲಿಗೂ ಮುಟ್ಟಿತು.

ಅದೇ ವಾರ, ಭಾನುವಾರ, ಹಡಗಲಿಯಿಂದ ಇಬ್ಬರು ಮನೆಗೆ ಬಂದರು. ಹೊನ್ನೂರಸ್ವಾಮಿಯ ತಾಯಿ ಮತ್ತು ಅವನ ಸೋದರಮಾವ.

ಕನಕಮ್ಮ ಮಂಡಕ್ಕಿ ಒಗ್ಗರಣೆ ಮಾಡಿ, ಮಿರ್ಚಿ ಕರಿದಳು. ಸಮತಾ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಮೊದಲಿನ ಅರ್ಧ ಮಾತು ಕೇಳಿಸಲೇ ಇಲ್ಲ.

"ನಮ್ಮ ಹುಡುಗ ಬಾಯಿ ಬಿಟ್ಟು ಕೇಳಿದ್ದು ಇದೊಂದ," ಅವನ ತಾಯಿ ಹೇಳುತ್ತಿದ್ದಳು. "ಹುಡುಗಿ ಓದಬಾರ್ದು ಅನ್ನೋ ಮಂದಿ ನಾವಲ್ಲ. ಮದುವಿ ಮಾಡಿಕೊಂಡ ಓದ್ಲಿ. ಧಾರವಾಡಾದ್ರ ಛಲೋ. ನಮ್ಮ ಹುಡುಗ ಧಾರವಾಡದ ರೂಟು ಕೇಳಿ ಹಾಕಿಸ್ಕೊಂಡಾನ. ಹೋಗ್ತಾ ಬರ್ತಾ ನೋಡಿಕೊಂತಾನ. ಮೈಸೂರು ಅಂದ್ರ ಯಾವ ಸೀಮಿ ಅದು?"

ಸಮತಾಳ ಎದೆಬಡಿತ ಇಳಿಯಿತು. ಬಾಯಿ ಬಿಟ್ಟು ಕೇಳಿದ್ದು ಇದೊಂದೇ ಅಂತೆ. ಕೇಳಿದ್ದು ತಾಯಿಯನ್ನು, ಡಿಪೋ ಮ್ಯಾನೇಜರನ್ನು. ಓದುವವಳನ್ನು ಮಾತ್ರ ಕೇಳಿರಲಿಲ್ಲ.

ಗಂಗಪ್ಪ ಎಲ್ಲವನ್ನೂ ಕೇಳಿ ಸಮಾಧಾನವಾಗಿ ಅಂದ: "ಹುಡುಗ ಛಲೋ ಅದಾನ, ನಾನೂ ನೋಡೀನಿ. ಆದ್ರ ಹುಡುಗಿ ಇನ್ನ ಎರಡೂ ಊರು ಕಂಡಿಲ್ಲ. ಕಂಡು ಬರ್ಲಿ. ಆಮ್ಯಾಲೆ ಅಕಿನ ಹೇಳ್ತಾಳ."

ಧಾರವಾಡಕ್ಕೆ ಅವಳ ಜೊತೆ ಹೋದದ್ದು ದೊಡ್ಡವ್ವ ಅಂಜಿನಕ್ಕ. ಕೋಗಳಿಯವಳು, ಕನಕಮ್ಮನ ಅಕ್ಕ, ಬೊಮ್ಮನಹಳ್ಳಿಯ ಸಂತೆ ಬಿಟ್ಟರೆ ಬೇರೆ ಊರು ಕಂಡವಳಲ್ಲ. ಬಸ್ಸು ಹತ್ತಿದ ಕೂಡಲೇ ಅವಳು ಕಂಡಕ್ಟರನ್ನು ಮೇಲಿಂದ ಕೆಳಗಿನವರೆಗೆ ನೋಡಿ ಸಮತಾಳ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಇವನೇನು?" ಅಂದಳು.

ಹೊನ್ನೂರಸ್ವಾಮಿಯ ಕಿವಿ ಕೆಂಪಾಯಿತು. ಅವಳ ಟಿಕೆಟ್ ಹರಿಯುವಾಗ ಎರಡು ಒಟ್ಟಿಗೆ ಬಂದವು.

ಹಡಗಲಿಯಲ್ಲಿ ಮಲ್ಲಿಗೆಯ ಬುಟ್ಟಿಗಳು ಬಸ್ಸಿನ ಮೇಲೆ ಏರಿದವು. ಮುಂಡರಗಿಗೆ ಮೊದಲು ತುಂಗಭದ್ರೆಯ ಸೇತುವೆ ಬಂದಾಗ ಹೊಳೆ ದಂಡೆಯಿಂದ ದಂಡೆಗೆ ಕೆಂಪಗೆ ಹರಿಯುತ್ತಿತ್ತು. ಬಾಗಿಲಿನ ಹತ್ತಿರ ನಿಂತಿದ್ದ ಅವನು ಹೊಳೆ ನೋಡುವ ನೆಪದಲ್ಲಿ ತಿರುಗಿದ. ಅವಳೂ ಅದೇ ನೆಪದಲ್ಲಿ ತಿರುಗಿದಳು. ಇಬ್ಬರಲ್ಲಿ ಒಬ್ಬರೂ ಹೊಳೆ ನೋಡಲಿಲ್ಲ. ಆಮೇಲೆ ಅವಳಿಗೆ ತಾನು ಸಿಟ್ಟಿನಲ್ಲಿರುವುದು ನೆನಪಾಗಿ ಹುಬ್ಬು ಗಂಟು ಹಾಕಿದಳು. ಅವನು ಪಾಪ, ಟಿಕೆಟ್ಟಿನ ಕಟ್ಟಿಗೆ ತಲೆ ತಗ್ಗಿಸಿದ.

ಸಂದರ್ಶನ ಮಧ್ಯಾಹ್ನಕ್ಕೇ ಮುಗಿಯಿತು. ಸೀಟು ಕೊಟ್ಟಿದ್ದೇವೆ, ತಿಂಗಳೊಳಗೆ ಬಂದು ಸೇರಿ ಅಂದರು. ಹೊರಗೆ ಬಂದರೆ ಹೊನ್ನೂರಸ್ವಾಮಿ ಮರದ ಕೆಳಗೆ ನಿಂತಿದ್ದ. ಬಸ್ಸು ಅವತ್ತು ಧಾರವಾಡದಲ್ಲೇ ತಂಗುತ್ತಿತ್ತು. ಮರುದಿನ ಬೆಳಿಗ್ಗೆ ವಾಪಸು. ಖಾಕಿ ಅಂಗಿ ಬದಲಿಸಿ ನೀಲಿ ಗೆರೆಯ ಅಂಗಿ ಹಾಕಿಕೊಂಡಿದ್ದ. ಕೈಯಲ್ಲಿ ಪೇಡೆಯ ಪೊಟ್ಟಣ.

ಅಂಜಿನಕ್ಕ ಪೊಟ್ಟಣ ತೆಗೆದುಕೊಂಡು ಕಟ್ಟೆಯ ಮೇಲೆ ಕೂತಳು. "ನನ್ನ ಮೊಣಕಾಲು ನೋಯ್ತಾವ. ನೀವಿಬ್ರೂ ನೋಡಿಕೊಂಡು ಬರ್ರಿ," ಅಂದಳು. ಬೆಳಗಿನಿಂದ ಒಮ್ಮೆಯೂ ಆ ಮೊಣಕಾಲಿನ ಮಾತು ಬಂದಿರಲಿಲ್ಲ.

ಗುಡ್ಡದ ಮೇಲಿನ ಆ ವಿಶ್ವವಿದ್ಯಾಲಯ ಚೆಂದವಿತ್ತು. ಸಣ್ಣಗೆ ಜಿಟಿಜಿಟಿ ಹನಿ. ದೊಡ್ಡ ಕಲ್ಲಿನ ಕಟ್ಟಡ, ಅದರ ಮುಂದಿನಿಂದ ಇಳಿದು ಹೋಗುವ ರಸ್ತೆ, ಎರಡೂ ಕಡೆ ಮರ. ಇಬ್ಬರ ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗ ಬಿಟ್ಟುಕೊಂಡು ನಡೆದರು.

"ನನ್ನ ಮ್ಯಾಲೆ ಸಿಟ್ಟೇನ್ರಿ?"

"ರೂಟು ಹಾಕಿಸ್ಕೊಂಡೀರಂತ. ಮದುವಿನೂ ಗೊತ್ತು ಮಾಡಾಕ ಕಳ್ಸೀರಿ. ನಾನು ಎಲ್ಲಿ ಓದ್ಬೇಕು ಅನ್ನೋದನ್ನೂ ನೀವ ಹೇಳಿ ಕಳ್ಸೀರೋ, ನಿಮ್ಮವ್ವ ಹೇಳಿದ್ದೋ?"

"ನಾನ ಹೇಳಿದ್ದು. ಅವ್ವನ ಮ್ಯಾಲೆ ಹಾಕಂಗಿಲ್ಲ."

ಸುಳ್ಳು ಹೇಳಿದ್ದರೆ ಅವಳ ಸಿಟ್ಟು ಉಳಿಯುತ್ತಿತ್ತು. ಈಗ ಅದಕ್ಕೆ ನಿಲ್ಲಲು ಜಾಗವಿಲ್ಲದಂತಾಯಿತು.

"ನನ್ನ ಒಂದ್ ಮಾತು ಕೇಳ್ಬೇಕಿತ್ತು."

"ಕೇಳ್ಬೇಕಂತ ದಿನಾ ಬೊಮ್ಮನಹಳ್ಳಿ ಬಿಟ್ಟ ಕೂಡ್ಲೇ ತಯಾರಾಗ್ತಿದ್ದೆ. ಅಷ್ಟ್ರಾಗ ಕೊಟ್ಟೂರು ಬಂದುಬಿಡ್ತಿತ್ತು."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಡುವಿನ ಜಾಗ ಅರ್ಧವಾಯಿತು.

ಆಮೇಲೆ ಅವನಿಗೆ ಮಾತು ಬಂತು. ಬಸ್ಸು ಮಧ್ಯಾಹ್ನದೊಳಗೇ ಇಲ್ಲಿಗೆ ಬಂದು ನಿಲ್ಲುತ್ತದೆ, ಕ್ಲಾಸು ಮುಗಿಯುವವರೆಗೆ ಕಾಯಬಹುದು. ಒಂದು ದಿನ ಬಿಟ್ಟು ಒಂದು ದಿನ ಬರಬಹುದು. ಮನೆಯಿಂದ ಬುತ್ತಿ ತರಬಹುದು. ಕನಕಮ್ಮನ ಶೇಂಗಾ ಚಟ್ನಿ ಬೆಳಿಗ್ಗೆ ಹೊರಟರೆ ಸಂಜೆಗೆ ಇಲ್ಲಿರುತ್ತದೆ. ಅವನು ಹೇಳುತ್ತಾ ಹೋದ ಹಾಗೆ ಸಮತಾಳಿಗೆ ಆ ಎರಡು ವರ್ಷ ಕಣ್ಣಿಗೆ ಕಟ್ಟಿತು. ಸಂಜೆ ಐದರ ಹೊತ್ತು, ಇದೇ ರಸ್ತೆ, ಟಿಕೆಟ್ ಹರಿದು ಹರಿದು ಒರಟಾದ ಆ ಹೆಬ್ಬೆರಳು, ಬುತ್ತಿಯ ಗಂಟು. ಹನಿ ಜೋರಾಯಿತು. ಅವನು ತನ್ನ ಕರವಸ್ತ್ರ ತೆಗೆದು ಅವಳ ತಲೆಯ ಮೇಲೆ ಹಾಕಿದ. ಹಾಕಿದ ಕೈ ಕೂದಲಿಗೆ ತಾಗದಂತೆ ಎಷ್ಟು ಜೋಪಾನ ಮಾಡಿದನೆಂದರೆ, ತಾಗಿದ್ದರೆ ಅಷ್ಟು ಗೊತ್ತಾಗುತ್ತಿರಲಿಲ್ಲ.

ಕಟ್ಟೆಗೆ ಮರಳಿದಾಗ ಅಂಜಿನಕ್ಕ ಪೇಡೆ ಮುಗಿಸಿದ್ದಳು. ಇಬ್ಬರ ಮುಖವನ್ನೂ ನೋಡಿ, "ಇನ್ನೊಂದು ಊರು ನೋಡೋದು ಬಾಕಿ ಐತಿ, ಮರೀಬ್ಯಾಡ," ಎಂದಳು.

ಮೈಸೂರಿಗೆ ಅಪ್ಪನ ಜೊತೆ ಹೋದಳು. ಹೋಗುವಾಗಲೇ ಮನಸ್ಸು ಧಾರವಾಡದ ಕಡೆ ವಾಲಿತ್ತು. ಕರೆದಿದ್ದಾರೆ, ಹೋಗಿ ಬರುವುದು, ಅಷ್ಟೇ.

ಅವಳಿಗೊಂದು ಹಳೆಯ ಹುಚ್ಚಿತ್ತು. ಕೋಗಳಿಯಲ್ಲಿ ಅಂಜಿನಕ್ಕನ ಹೊಲದ ಸಜ್ಜೆಗೆ ಒಂದೊಂದು ವರ್ಷ ರೋಗ ಬೀಳುತ್ತಿತ್ತು. ಎಲೆ ಬಿಳಿಚಿ, ತೆನೆ ಕಾಳು ಕಟ್ಟದೆ ಎಲೆ ಎಲೆಯಾಗಿ ಒಡೆದು ನಿಲ್ಲುತ್ತಿತ್ತು. ಕೇದಿಗಿ ರೋಗ ಅನ್ನುತ್ತಿದ್ದರು. ಅಷ್ಟು ಚೆಂದದ ಹೂವಿನ ಹೆಸರಿನ ರೋಗಕ್ಕೆ ದೊಡ್ಡವ್ವ ಒಂದೊಂದೇ ಗಿಡ ಕಿತ್ತು ಬದುವಿಗೆ ಎಸೆಯುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಬೀಜದಲ್ಲೇ ಬರುತ್ತದೋ, ಮಣ್ಣಿನಲ್ಲಿರುತ್ತದೋ, ಗಾಳಿಯಲ್ಲಿ ಬರುತ್ತದೋ? ಕೊಟ್ಟೂರಿನ ಕಾಲೇಜಿನ ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟವಿತ್ತು.

ಮೈಸೂರಿನಲ್ಲಿ ಸಂದರ್ಶನ ಮಾಡಿದ ಮೇಡಂ ನಡುವಯಸ್ಸಿನವರು. ಯಾಕೆ ಓದಬೇಕು ಅಂತ ಕೇಳಿದಾಗ ಸಮತಾ ಆ ರೋಗದ ಮಾತು ತೆಗೆದಳು. ಅವರು ಪೆನ್ನು ಕೆಳಗಿಟ್ಟು, "ಬಾಮ್ಮ," ಅಂತ ಎದ್ದು ಕಟ್ಟಡದ ಹಿಂದಕ್ಕೆ ಕರೆದುಕೊಂಡು ಹೋದರು.

ಬಲೆ ಕಟ್ಟಿದ ಒಂದು ಮನೆ. ಒಳಗೆ ಸಾಲು ಸಾಲು ಕುಂಡಗಳಲ್ಲಿ ಸಜ್ಜೆಯ ಸಸಿ. ಕೆಲವು ಹಸಿರು, ಕೆಲವು ಬಿಳಿಚಿದವು. ಬೇಕೆಂದೇ ರೋಗ ಹತ್ತಿಸಿದ್ದರು.

"ನಿಮ್ಮ ಕಡೆ ಏನಂತಾರೆ ಇದಕ್ಕೆ?"

"ಕೇದಿಗಿ ರೋಗ ಅಂತಾರ್ರಿ, ಮೇಡಂ."

"ಎಲೆ ಕೆಳಗೆ ನೋಡು."

ಬಗ್ಗಿ ನೋಡಿದಳು. ಎಲೆಯ ಅಡಿಯಲ್ಲಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಬೂಜು. ಮೇಡಂ ಅದನ್ನು ಒಂದಿಷ್ಟು ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಡಿ ತೋರಿಸಿದರು. ಕೊಂಬೆ ಕೊಂಬೆಯಾಗಿ ಒಂದು ಪುಟ್ಟ ಮರ, ತುದಿ ತುದಿಗೂ ನಿಂಬೆಯಾಕಾರದ ಕಾಯಿ. ದೊಡ್ಡವ್ವನ ಹೊಲವನ್ನು ವರ್ಷ ವರ್ಷ ತಿಂದದ್ದು ಇಷ್ಟು ಸುಂದರವಾಗಿತ್ತು. ಸಮತಾ ಕಣ್ಣು ತೆಗೆಯಲೇ ಇಲ್ಲ. ಮೇಡಂ ಬೇರೆಯವರ ಸಂದರ್ಶನ ಮುಗಿಸಿ ಮರಳಿ ಬಂದಾಗಲೂ ಅವಳು ಅಲ್ಲೇ ಇದ್ದಳು.

ಸೀಟು ಇಲ್ಲಿಯೂ ಸಿಕ್ಕಿತು.

ಹೊರಗೆ ಗಂಗಪ್ಪ ಕಾಯುತ್ತಿದ್ದ. ಮಗಳ ಮುಖ ನೋಡಿ ಏನೂ ಕೇಳದೆ ಒಂದು ಟೀ ಕೊಡಿಸಿದ. ಅರ್ಧ ಟೀ ಕುಡಿಯುವಷ್ಟರಲ್ಲಿ ಅವಳ ಕಣ್ಣು ತುಂಬಿದವು.

"ಧಾರವಾಡನೂ ಛಲೋ ಐತಪ್ಪ."

"ಐತಿ. ನಾ ಏನೂ ಕೇಳೇ ಇಲ್ಲಲ್ಲ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಆ ಹುಡುಗಗ ನಾ ಹೇಳ್ಲೇನವ್ವ?" ಅಂದ ಗಂಗಪ್ಪ.

"ಬ್ಯಾಡಪ್ಪ. ನಾನ ಹೇಳ್ತೀನಿ."

ಹೇಳಿದ್ದು ಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ. ಧಾರವಾಡದಿಂದ ಬಂದ ಬಸ್ಸು ಚಹಾಕ್ಕೆ ನಿಂತಿತ್ತು. ಅವಳನ್ನು ಕಂಡು ಅವನು ಮೆಟ್ಟಿಲಿನಿಂದ ಹೆಚ್ಚುಕಡಿಮೆ ಹಾರಿಯೇ ಬಂದ. ಅವಳು ಕುಂಡದಲ್ಲಿದ್ದ ಸಸಿಯ ಬಗ್ಗೆ ಹೇಳಿದಳು, ಬೂಜಿನ ಬಗ್ಗೆ ಹೇಳಿದಳು, ಆ ಪುಟ್ಟ ಮರದ ಬಗ್ಗೆ ಹೇಳಿದಳು. ಹೇಳುತ್ತಾ ತನ್ನ ದನಿ ಎಷ್ಟು ಖುಷಿಯಾಗಿದೆ ಅನ್ನುವುದು ಅವಳಿಗೇ ಕೇಳಿಸಿತು. ಅವನಿಗೂ ಕೇಳಿಸಿತು.

"ಮೈಸೂರೇನ್ರಿ ಹಂಗಾರ?"

"ಹೂಂ."

ಅವನು ಚಹಾದ ಲೋಟವನ್ನು ಕುಡಿಯದೆ ಕಟ್ಟೆಯ ಮೇಲಿಟ್ಟ.

"ನಾನು ಪಿಯುಸಿ ಓದ್ದಾವ. ನೀವು ಅಲ್ಲಿ ದೊಡ್ಡ ದೊಡ್ಡವರ ಕೂಡ ಇರ್ತೀರಿ. ಎರಡು ವರ್ಷ ಆದ ಮ್ಯಾಲೆ ಅಲ್ಲಿಂದ ನೋಡಿದ್ರ, ನಾನು ಸಣ್ಣಾವ ಕಾಣಂಗಿಲ್ಲೇನ್ರಿ?"

"ದೂರದಿಂದ ನೋಡಿದ್ರ ಯಾರಾದ್ರೂ ಸಣ್ಣವರ ಕಾಣ್ತಾರ. ಹತ್ರ ಬರ್ರಿ, ನೋಡ್ತೀನಿ."

ತಮಾಷೆಗೆ ಅಂದಿದ್ದಳು. ಅವನು ನಗಲಿಲ್ಲ. ಡ್ರೈವರ್ ಹಾರ್ನ್ ಹೊಡೆದ. ಹೊನ್ನೂರಸ್ವಾಮಿ ಲೋಟ ಅಲ್ಲೇ ಬಿಟ್ಟು ಬಸ್ಸು ಹತ್ತಿಬಿಟ್ಟ.

ಮರುದಿನ ಅವಳು ಬಸ್ ಸ್ಟ್ಯಾಂಡಿಗೆ ಹೋದಳು. ಬಸ್ಸು ಬಂತು. ಅವನು ಇಳಿಯಲಿಲ್ಲ. ಹಿಂದಿನ ಬಾಗಿಲಿನಿಂದ ಯಾರ ಮೂಟೆಗೋ ಕೈ ಕೊಟ್ಟು, ಸೀಟಿ ಊದಿದ. ಎರಡು ದಿನ ಬಿಟ್ಟು ಹೋದಳು. ಇಳಿಯಲಿಲ್ಲ. ಕಿಟಕಿಯ ಗಾಜಿನ ಆಚೆ ಅವನ ತಲೆ ತಗ್ಗಿಯೇ ಇತ್ತು.

ಆ ದಿನಗಳಲ್ಲಿ ಸಮತಾ ಊಟಕ್ಕೆ ಕೂತು ಏಳುತ್ತಿದ್ದಳು, ಅಷ್ಟೇ. ಬಿದ್ದ ಮಳೆಗೆ ಹಿತ್ತಲಲ್ಲಿ ಹುಲ್ಲು ಚಿಗುರಿತ್ತು. ರಸ್ತೆಯಲ್ಲಿ ಯಾವ ಬಸ್ಸು ಹೋದರೂ ಅವಳು ಬಾಗಿಲಿಗೆ ಬರುತ್ತಿದ್ದಳು. ಧಾರವಾಡ ಅಂದುಬಿಡಲೇ ಅಂತ ಒಂದು ಗಂಟೆ ಅನ್ನಿಸುತ್ತಿತ್ತು. ಅಲ್ಲಿಯೂ ಸಸ್ಯಗಳಿಲ್ಲವೇ, ಪುಸ್ತಕಗಳಿಲ್ಲವೇ? ಸಂಜೆ ಐದಕ್ಕೆ ಬುತ್ತಿ ಬರುತ್ತದೆ. ಮರುಗಂಟೆ ಆ ಗಾಜಿನ ಕೆಳಗಿನ ಮರ ನೆನಪಾಗುತ್ತಿತ್ತು. ಅದನ್ನು ಬಿಟ್ಟು ಧಾರವಾಡಕ್ಕೆ ಹೋದರೆ, ಒಂದಲ್ಲ ಒಂದು ಸಂಜೆ ಬುತ್ತಿಯ ಗಂಟು ಬಿಚ್ಚುವಾಗ ಅವನ ಮೇಲೆ ಸಿಟ್ಟು ಬರುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ತಪ್ಪು ಮಾಡದವನ ಮೇಲೆ ಬರುವ ಸಿಟ್ಟು.

"ಅಂವ ಒಪ್ಪದಿದ್ರ?" ಕನಕಮ್ಮ ಮಗಳ ಜಡೆ ಹೆಣೆಯುತ್ತಾ ಕೇಳಿದಳು.

"ಒಪ್ಪದಿದ್ರೂ ಹೋಗ್ತೀನವ್ವ."

"ಅಳಾಕತ್ತಿ."

"ಅತ್ಕೊಂತನ ಹೋಗ್ತೀನಿ."

ಕನಕಮ್ಮ ಜಡೆ ಬಿಟ್ಟು ಮಗಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.

ಹೊರಡುವ ದಿನ ಬೆಳಿಗ್ಗೆ ಚಿತ್ರದುರ್ಗದ ಬಸ್ಸು. ಅಲ್ಲಿಂದ ಮೈಸೂರಿಗೆ ಇನ್ನೊಂದು. ಗಂಗಪ್ಪ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಬಸ್ ಸ್ಟ್ಯಾಂಡಿಗೆ ಬಂದರೆ, ಕಂಬಕ್ಕೆ ಒರಗಿ ಹೊನ್ನೂರಸ್ವಾಮಿ ನಿಂತಿದ್ದ. ಅದೇ ನೀಲಿ ಗೆರೆಯ ಅಂಗಿ. ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ಮಾವ, ಟ್ರಂಕು ಇತ್ತಾಗ ಕೊಡ್ರಿ," ಅಂದ. ಗಂಗಪ್ಪನನ್ನು ಅವನು ಮಾವ ಅಂದದ್ದು ಅದೇ ಮೊದಲು. "ಚಿತ್ರದುರ್ಗದತನ ನಾನೂ ಬರ್ತೀನಿ. ರಜಾ ಹಾಕೀನಿ."

ಗಂಗಪ್ಪ ಟ್ರಂಕು ಕೊಟ್ಟ. ಬಸ್ಸು ಹತ್ತಿ, ಡ್ರೈವರ್ ಪಕ್ಕದ ಸೀಟಿಗೆ ಹೋಗಿ ಕೂತು, ಚಿತ್ರದುರ್ಗದವರೆಗೂ ಹಿಂದಕ್ಕೆ ತಿರುಗಲಿಲ್ಲ.

ಮೊದಲ ಬಾರಿಗೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರು. ಕೊಟ್ಟೂರು ಬಂತು, ಹೋಯಿತು. ಪ್ರತಿ ಸ್ಟಾಪಿನಲ್ಲೂ ಅವನ ಕೈ, ಇವತ್ತು ಹೆಗಲಲ್ಲಿಲ್ಲದ ಟಿಕೆಟ್ಟಿನ ಚೀಲವನ್ನು ಹುಡುಕಿ ಸುಮ್ಮನಾಗುತ್ತಿತ್ತು. ಅವನೇ ಮಾತಾಡಲಿ ಅಂತ ಸಮತಾ ಹಟ ಹಿಡಿದಿದ್ದಳು. ಜಗಳೂರು ದಾಟಿದ ಮೇಲೆ ಅವನು ಶುರುಮಾಡಿದ.

"ನೀವು ಬಸ್ ಸ್ಟ್ಯಾಂಡಿಗೆ ಬಂದಿದ್ದು ನೋಡಿದ್ದೆ."

"ನೋಡಿ ಇಳೀಲಿಲ್ಲ."

"ಇಳಿದಿದ್ರ ಹೋಗಬ್ಯಾಡ್ರಿ ಅಂದುಬಿಡ್ತಿದ್ದೆ. ಅದೊಂದ ಮಾತು ಬಾಯಾಗ ಕುಂತಿತ್ತು, ಬ್ಯಾರೆ ಮಾತಿಗೆ ಜಾಗ ಕೊಡವಲ್ದಾಗಿತ್ತು." ಅವನು ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡ. "ನಾನು ಅಂದಿದ್ರ ನೀವು ನಿಲ್ತಿದ್ರಿ."

ಸಮತಾ ಕಿಟಕಿಯ ಹೊರಗೆ ನೋಡಿದಳು. ಮೆಕ್ಕೆಜೋಳ ಮೊಣಕಾಲುದ್ದ ಬೆಳೆದಿತ್ತು.

"ನಿಲ್ತಿದ್ದೆ," ಅಂದಳು.

"ಗೊತ್ತಿತ್ತು. ಅದಕ್ಕ ಇಳೀಲಿಲ್ಲ."

ಕಂಬಿಯ ಮೇಲಿದ್ದ ಅವನ ಕೈಯ ಪಕ್ಕದಲ್ಲಿ ಅವಳು ತನ್ನ ಕೈ ಇಟ್ಟಳು. ಬಸ್ಸು ಗುಂಡಿಗೆ ಇಳಿದು ಎದ್ದಾಗ ಎರಡೂ ಕೈ ಒಂದರ ಮೇಲೊಂದು ಬಂದವು. ರಸ್ತೆ ಸರಿಯಾದ ಮೇಲೂ ಹಾಗೇ ಇದ್ದವು.

"ಅವ್ವನ ಕೂಡ ಒಂದು ವಾರ ಜಗಳಾಡೀನಿ. ಓದು ಮುಗೀಲಿ, ಆಮ್ಯಾಲೆ ಮದುವಿ ಅಂದೀನಿ. ಅಕಿ ಮಾತು ಬಿಟ್ಟಾಳ. ರೊಟ್ಟಿ ಮಾತ್ರ ಹಾಕ್ತಾಳ."

"ಎರಡು ವರ್ಷ ಕಾಯ್ತೀರೇನು?"

"ಬಸ್ಸಿನವರಿಗೆ ಕಾಯ್ಸೋದಷ್ಟ ಗೊತ್ರಿ. ಕಾಯೋದು ಇನ್ನ ಕಲೀಬೇಕು."

ಅವಳು ನಕ್ಕಳು. ನಗುವಾಗಲೇ ಅತ್ತಳು. "ನನಗ ನೀನು ಅನ್ರಿ," ಅಂದಳು ಆಮೇಲೆ, ಬಹಳ ಸಣ್ಣ ದನಿಯಲ್ಲಿ.

ಅವನು ಪ್ರಯತ್ನ ಮಾಡಿದ. "ನೀನು..." ಅಂದು ಮುಂದೆ ಹೋಗಲಾಗದೆ ತಲೆ ಅಲ್ಲಾಡಿಸಿದ. "ಬರವಲ್ದ್ರಿ."

ಚಿತ್ರದುರ್ಗದಲ್ಲಿ ಮೈಸೂರಿನ ಬಸ್ಸು ತಯಾರಾಗಿ ನಿಂತಿತ್ತು. ಗಂಗಪ್ಪ, ಸಮತಾ ಹತ್ತಿದ ಮೇಲೆ ಹೊನ್ನೂರಸ್ವಾಮಿ ಟ್ರಂಕನ್ನು ಸೀಟಿನ ಕೆಳಗೆ ತಳ್ಳಿ, ಕಿಟಕಿ ಏರಿಳಿಯುತ್ತದೋ ಇಲ್ಲವೋ ನೋಡಿ, ಆ ಬಸ್ಸಿನ ಕಂಡಕ್ಟರನಿಗೆ ಏನೇನೋ ಹೇಳಿ ಇಳಿದ. ಬಸ್ಸು ಹೊರಟಾಗ ಕೈ ಬೀಸಲಿಲ್ಲ. ಬಸ್ಸಿನ ಪಕ್ಕಕ್ಕೇ ಸ್ವಲ್ಪ ದೂರ ನಡೆದು, ಗೇಟಿನ ಹತ್ತಿರ ನಿಂತ. ನಡುವೆ ಒಂದು ಲಾರಿ ಬಂತು. ಲಾರಿ ಸರಿದಾಗ ಗೇಟು ಮಾತ್ರ ಕಾಣಿಸಿತು.

ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಹಾಸ್ಟೆಲಿನ ಫೋನು ರಿಂಗಾಗುತ್ತಿತ್ತು. ಅವನು ಹಡಗಲಿಯ ಎಸ್‌ಟಿಡಿ ಬೂತಿನಿಂದ ಮಾತಾಡುತ್ತಿದ್ದ. ಫೋನಿನಲ್ಲಿ ಅವನಿಗೆ 'ನೀನು' ಬರತೊಡಗಿತ್ತು. ಮುಖ ಕಾಣದಿದ್ದರೆ ಧೈರ್ಯ ಜಾಸ್ತಿ. ಏನು ಉಂಡಿ, ಚಳಿ ಐತೇನು, ಸಸಿ ಹೆಂಗದಾವ. ಸಸಿಗಳಿಗೆ ರೋಗ ಚೆನ್ನಾಗಿ ಹತ್ತಿದೆ ಅಂದರೆ ಖುಷಿಪಡಬೇಕೋ ಬೇಡವೋ ತಿಳಿಯದೆ, "ಹಂಗಾರ ಛಲೋ ಆತಲ್ಲ?" ಅನ್ನುತ್ತಿದ್ದ. ಧಾರವಾಡದ ರೂಟು ಇನ್ನೂ ಅವನದೇ ಆಗಿತ್ತು. ಬಸ್ಸು ಅಲ್ಲಿಗೆ ಮುಟ್ಟಿದ ಸಂಜೆ ಒಬ್ಬನೇ ಆ ಇಳಿಜಾರು ರಸ್ತೆಯಲ್ಲಿ ಅಡ್ಡಾಡಿ ಬರುತ್ತೇನೆ ಅಂತ ಒಮ್ಮೆ ಹೇಳಿದ. ಫೋನಿಟ್ಟ ಮೇಲೆ ಸಮತಾ ಬಹಳ ಹೊತ್ತು ಆ ರಿಸೀವರಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಹಿಂದಿನ ಹುಡುಗಿ ಭುಜ ತಟ್ಟಿದಾಗ ಸರಿದಳು.

ಜನವರಿಯ ಒಂದು ಭಾನುವಾರ ಫೋನು ಬರಲಿಲ್ಲ. ವಾಚ್‌ಮನ್ ಬಂದು, "ನಿಮ್ಮೂರಿಂದ ಯಾರೋ ಬಂದವ್ರೆ," ಅಂದ.

ಗೇಟಿನಲ್ಲಿ ಹೊನ್ನೂರಸ್ವಾಮಿ ನಿಂತಿದ್ದ. ರಾತ್ರಿಯಿಡೀ ಬಸ್ಸು ಬದಲಿಸಿ ಬದಲಿಸಿ ಬಂದಿದ್ದ. ಕೈಯಲ್ಲಿ ಬುತ್ತಿ. ಒಳಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. "ಚಟ್ನಿ ನಿಮ್ಮವ್ವನ್ದು. ರೊಟ್ಟಿ ನಮ್ಮವ್ವ ಬಡಿದು ಕೊಟ್ಟಾಳ," ಅಂದ. ಮಧ್ಯಾಹ್ನದ ಬಸ್ಸಿಗೆ ಮರಳಬೇಕು. ಮರುದಿನ ಡ್ಯೂಟಿ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಇಬ್ಬರೂ ನಡೆದರು. ನೀರಿನ ಮೇಲೆ ಹೆಜ್ಜಾರ್ಲೆ ಹಕ್ಕಿಗಳು ತೇಲುತ್ತಿದ್ದವು. ಅವಳು ಒಂದೇ ಸಮನೆ ಮಾತಾಡಿದಳು. ಮೇಡಂ ಮುಂದೆ ಸಂಶೋಧನೆಗೂ ಇಲ್ಲೇ ನಿಲ್ಲು ಅಂತಿದ್ದಾರೆ ಅನ್ನುವುದನ್ನು ಹೇಳಿ, ಹೆದರಿ ಅವನ ಮುಖ ನೋಡಿದಳು.

"ಮೈಸೂರಾಗೂ ಡಿಪೋ ಅದಾವ," ಅಂದ ಅವನು. "ಟ್ರಾನ್ಸ್‌ಫರ್ ಸಿಗಾಕ ತಡ ಆಗ್ತೈತಂತ. ಆಗ್ಲಿ. ಮದುವಿಯಾದ ಮ್ಯಾಲೆ ಕೇಳಿದ್ರ ಲಗೂನ ಕೊಡ್ತಾರಂತ."

ಎಷ್ಟು ದಿನದಿಂದ ಈ ಮಾತನ್ನು ವಿಚಾರಿಸಿಟ್ಟುಕೊಂಡಿದ್ದನೋ. ಇಬ್ಬರೂ ಒಂದು ಕಲ್ಲುಬೆಂಚಿನ ಮೇಲೆ ಕೂತರು. ಬಿಸಿಲು ಎಳೆಯದಾಗಿತ್ತು. ಅವಳು ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಅವನ ಕಡೆ ಕೈ ಚಾಚುವಷ್ಟರಲ್ಲಿ ಅವನ ತಲೆ ಅವಳ ಹೆಗಲಿಗೆ ಬಂದಿತ್ತು. ನಿದ್ದೆ ಹತ್ತಿಬಿಟ್ಟಿತ್ತು.

ಅವಳು ಅಲುಗಾಡಲಿಲ್ಲ. ಐದು ತಿಂಗಳಿಂದ ಈ ಒಂದು ಬೆಳಗಿಗೆ ಅಂತ ಕೂಡಿಟ್ಟ ಮಾತುಗಳೆಷ್ಟೋ ಇದ್ದವು. ಎಬ್ಬಿಸಿದರೆ ಎಲ್ಲ ಹೇಳಬಹುದಿತ್ತು. ಅವನ ಉಸಿರು ಕುತ್ತಿಗೆಗೆ ತಾಗುತ್ತಿತ್ತು. ಏರಿಯ ಮೇಲೆ ವಾಕಿಂಗ್ ಬಂದವರು ನೋಡಿ, ನೋಡದವರ ಹಾಗೆ ಹೋದರು. ಹೆಜ್ಜಾರ್ಲೆಗಳು ಒಂದು ದಂಡೆಯಿಂದ ಇನ್ನೊಂದಕ್ಕೆ ಹೋಗಿ ಬಂದವು. ಅವಳು ಕೆರೆಯನ್ನು ನೋಡುತ್ತಾ, ಅವನಿಗೆ ಮಾತ್ರ ಕೇಳಬಹುದಾದಷ್ಟು ಮೆಲ್ಲಗೆ, ಮಾತಾಡತೊಡಗಿದಳು.

ಹೊತ್ತಾಯಿತು ಅನ್ನುವಾಗ ಅವನ ಕೆನ್ನೆ ಮುಟ್ಟಿದಳು. ಅವನು ಬೆಚ್ಚಿ ಎದ್ದು, ನೆತ್ತಿಗೇರಿದ ಬಿಸಿಲು ನೋಡಿ, ಮುಖ ಸಣ್ಣಗೆ ಮಾಡಿಕೊಂಡ.

"ಎಬ್ಬಿಸಬೇಕಿಲ್ಲೇನು? ಇದ್ದಷ್ಟು ಹೊತ್ತೂ ಮಲಗೇಬಿಟ್ನಲ್ಲ. ಏನೋ ಹೇಳೋದೈತಿ ಅಂದಿದ್ದಿಯಲ್ಲ ಫೋನಿನಾಗ?"

"ಹೇಳ್ದೆ."

"ಯಾವಾಗ?"

"ಈಗ, ನೀವು ಮಲಗಿದ್ದಾಗ."

"ನನಗ ಕೇಳ್ಲಿಲ್ಲಲ್ಲ."

"ನಿಮ್ಮ ಎದುರಿಗೆ ಹೇಳಾಕ ನನಗ ನಾಚಿಕಿ," ಅಂದಳು ಸಮತಾ. ಮುರಿದಿಟ್ಟ ರೊಟ್ಟಿಗೆ ಚಟ್ನಿ ಹಚ್ಚಿ ಅವನ ಕೈಗಿಟ್ಟಳು. "ಉಣ್ರಿ. ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತೈತಿ."